ಬಿಪಿಗೂ ಡಿಸೆಬಿಲಿಟಿ ಪೆನ್ಶನ್ ಮಾಡಿಸಿಕೊಂಡೆ: ನನ್ನ ಅನುಭವ

ಬಿಪಿಗೆ ಯಾರಪ್ಪಾ ಪೆನ್ಶನ್ ಕೊಡ್ತಾರೆ ಅಂತ ಮಾಜಿ ಸೈನಿಕರ ಕ್ಯಾಂಟೀನ್ ಕ್ಯೂನಲ್ಲಿ ನಕ್ಕವರೇ ಈಗ ಫೋನ್ ಮಾಡಿ ನನ್ನ ಕಾಗದಪತ್ರ ಕೇಳ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಯ್ತು, ಅದಕ್ಕೇ ಬರೀತಿದ್ದೀನಿ.

ಸೇನೆ ಬಿಡುವಾಗ ತಪಾಸಣೆ ಮಾಡೋ ರಿಲೀಸ್ ಮೆಡಿಕಲ್ ಬೋರ್ಡ್ ನನ್ನ ಬಿಪಿಗೆ 30% ವೈಕಲ್ಯ ಅಂತ ಕೊಟ್ಟಿತ್ತು, ಅದೂ ಆಯುಷ್ಯಪೂರ್ತಿ. ಆದರೆ ಕೊನೆಗೆ, ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಹೆಚ್ಚಿದ್ದೂ ಅಲ್ಲ ಅಂತ ಷರಾ. ಪೀಸ್ ಸ್ಟೇಷನ್‌ನಲ್ಲಿ, ಅಂದರೆ ಗಡಿಯ ಒತ್ತಡವಿಲ್ಲದ ಜಾಗದಲ್ಲಿ, ಶುರುವಾಯಿತಂತೆ! ಅದಕ್ಕೆ ಮುಂಚೆ ಎಲ್ಲಿದ್ದೆ ಅಂತ ಯಾರೂ ಕೇಳಲಿಲ್ಲ. ಮೊದಲನೇ ಅಪೀಲು ಬಿತ್ತು, ಎರಡನೇದೂ ಬಿತ್ತು. ಒಬ್ಬ ವಕೀಲರು ಬಾಕಿ ಹಣದಲ್ಲಿ ಕಾಲುಭಾಗ ಕೇಳಿದರು. ಕೈಮುಗಿದು ಎದ್ದು ಬಂದೆ.

ಕೆಲಸ ಮಾಡಿದ್ದು ಹತ್ತು ರೂಪಾಯಿ ಪೋಸ್ಟಲ್ ಆರ್ಡರ್. ಆರ್‌ಟಿಐ ಹಾಕಿ ಬೋರ್ಡಿನ ಪೂರ್ತಿ ಕಡತ ತರಿಸಿದೆ. ಸೇನೆ ಸೇರುವ ಮುಂಚೆ ಈ ಕಾಯಿಲೆ ಇತ್ತೇ ಅನ್ನೋ ಕಾಲಮ್ಮಿನಲ್ಲಿ ಡಾಕ್ಟರೇ ನೀಲಿ ಶಾಯಿಯಲ್ಲಿ ‘ಇಲ್ಲ’ ಅಂತ ಬರೆದಿದ್ದರು. ಸುಪ್ರೀಂ ಕೋರ್ಟಿನ 2013ರ ಧರಮ್‌ವೀರ್ ಸಿಂಗ್ ತೀರ್ಪು ನಿಂತಿರೋದೇ ಇಂಥದ್ದರ ಮೇಲೆ. ಭರ್ತಿ ವೇಳೆ ನಮೂದಿಲ್ಲದ ಕಾಯಿಲೆ ಸೇವೆಯಲ್ಲೇ ಬಂದದ್ದು ಅಂತ ಹಿಡೀಬೇಕು, ಅಲ್ಲ ಅನ್ನೋರು ಕಾರಣ ಕೊಡಬೇಕು. ಪೋಸ್ಟಿಂಗ್‌ಗಳನ್ನೂ ಮೆಡಿಕಲ್ ಕೆಟಗರಿ (ಸೇನೆ ಕೊಡೋ ಆರೋಗ್ಯದ ದರ್ಜೆ) ಇಳಿದ ತಾರೀಖನ್ನೂ ಅಕ್ಕಪಕ್ಕ ಇಟ್ಟು ಒಂದು ಹಾಳೆ ಮಾಡಿದೆ. ಆ ಹಾಳೆ ಹೇಗೆ ಬರೆದೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ಇನ್ನೊಂದು ಲೆಕ್ಕವನ್ನೂ ಹಾಕಿ ನೋಡಿದೆ. ನಾನು ಗನ್ನರ್, ಫಿರಂಗಿ ಪಡೆಯವನು, ಎಡಗಿವಿ ಮಂದ. ಅದಕ್ಕೆ 20% ಬಂದರೆ ಒಟ್ಟು 50. ಪರ್ಸೆಂಟನ್ನು ಮೇಲಿನ ಹಂತಕ್ಕೆ ಏರಿಸೋ ರೌಂಡಿಂಗ್‌ನಲ್ಲಿ 50ಕ್ಕಿಂತ ಕಮ್ಮಿ ಇದ್ದರೆ 50, 50 ಮುಟ್ಟಿದರೆ 75! ಆದರೆ ಬೋರ್ಡ್ ಎಲ್ಲ ಸಲ ಹಾಗೆ ನೇರವಾಗಿ ಕೂಡಿಸಲ್ಲ, ಎಷ್ಟೋ ಸಲ ಲೆಕ್ಕ ಹೀಗೆ. ಬಿಪಿಯ 30 ಕಳೆದು ಉಳಿದ 70ರಲ್ಲಿ 20% ಅಂದರೆ 14, ಒಟ್ಟು 44. ಬರೀ 30 ಇದ್ದರೂ 50ಕ್ಕೇ ಏರುತ್ತೆ, 44 ಇದ್ದರೂ ಅಷ್ಟೇ. ಕಿವಿ ಬಿಟ್ಟೆ.

ಕೊನೆಗೆ ಹೋಗಿದ್ದು ಎಎಫ್‌ಟಿಗೆ, ಅಂದರೆ ಸೇನೆಯವರ ಕೇಸು ನೋಡೋ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ; ನಮ್ಮ ಕರ್ನಾಟಕದವರಿಗೆ ಅದರ ಕೊಚ್ಚಿ ಪೀಠ. ವಕೀಲರ ಫೀಸು, ರೈಲು, ಜೆರಾಕ್ಸ್ ಎಲ್ಲ ಸೇರಿ 35 ಸಾವಿರದ ಆಸುಪಾಸು ಹೋಗಿರಬೇಕು. ಆದೇಶ ನನ್ನ ಕಡೆಗೇ ಆಯಿತು. 2014ರ ರಾಮ್ ಅವತಾರ್ ತೀರ್ಪಿನಿಂದ ಪೂರ್ತಿ ಸರ್ವಿಸ್ ಮುಗಿಸಿ ಬಂದ ನನ್ನಂಥವರಿಗೂ ರೌಂಡಿಂಗ್ ಉಂಟು, ಹಾಗಾಗಿ 50%. ನೂರು ಪರ್ಸೆಂಟ್ ವೈಕಲ್ಯಕ್ಕೆ ಕೊನೇ ಸಂಬಳದ 30%, ಐವತ್ತಕ್ಕೆ 15%. ನನಗೆ ತಿಂಗಳಿಗೆ ಏಳು ಸಾವಿರ ಚಿಲ್ಲರೆ, ಮೇಲೆ ಡಿಆರ್ (ತುಟ್ಟಿ ಪರಿಹಾರ). ತಡವಾಗಿ ಹೋದ ಎಷ್ಟೋ ಜನಕ್ಕೆ ಬಾಕಿ ಅರ್ಜಿಗೆ ಹಿಂದಿನ ಮೂರು ವರ್ಷದ್ದು ಮಾತ್ರ ಸಿಕ್ಕಿದೆ, ಆದ್ದರಿಂದ ತಡಮಾಡದಿರೋದೇ ಒಳ್ಳೇದು.

2023ರ ಸೆಪ್ಟೆಂಬರ್ 21ರಿಂದೀಚೆಗೆ ಸೇನೆ ಬಿಟ್ಟು ಮನೆಗೆ ಬಂದವರು ಮಾತ್ರ ನನ್ನ ಕಾಗದ ನಕಲು ಮಾಡಬೇಡಿ. ನಿಮಗೆ ಹೊಸ ನಿಯಮ.