ಸುದ್ದಿ ಹಬ್ಬಿಸುವವರನ್ನು ಪೆನ್ಸಿಲ್ ಹಿಡಿದು ಹುಡುಕಿ

ಗೆಳೆಯರು ಜಾಸ್ತಿ ಇದ್ದವರಿಂದಲೇ ಸುದ್ದಿ ಹಬ್ಬುತ್ತದೆ ಎಂದು ನಾನೂ ನಂಬಿದ್ದೆ. ಸುಮ್ನೆ ಗೆಳೆಯರನ್ನು ಎಣಿಸಿದರೆ ಸಾಲದು, ಗೆಳೆತನದ ಜಾಲವನ್ನು ಈರುಳ್ಳಿಯ ಹಾಗೆ ಸುಲಿದು ಒಳಗಿನ ತಿರುಳನ್ನು ಹುಡುಕಬೇಕು.

ಸಂಶೋಧಕ ವೇಯ್ನ್ ಜಕಾರಿ 1977ರಲ್ಲಿ ಪ್ರಕಟಿಸಿದ, ಅಮೆರಿಕದ ಕರಾಟೆ ಕ್ಲಬ್ಬೊಂದರ ಗೆಳೆತನದ ನಕ್ಷೆ ತಗೊಳ್ಳಿ. 34 ಜನ, ಒಬ್ಬೊಬ್ಬರಿಗೂ ಒಂದು ಸಂಖ್ಯೆ; ಇಬ್ಬರ ಗೆಳೆತನಕ್ಕೆ ಒಂದರಂತೆ 78 ಗೆರೆ. ಮೊದಲು ಒಂದೇ ಗೆರೆ ಇರುವವರನ್ನು ಅಳಿಸಿ. 12ನೆಯವರು ಒಬ್ಬರೇ ಸಿಗುತ್ತಾರೆ. ಆಮೇಲೆ ಎರಡು ಇರುವವರು, ನಂತರ ಮೂರು. ಒಬ್ಬರನ್ನು ಅಳಿಸಿದಾಗ ಅವರ ಗೆಳೆಯರ ಗೆರೆಯೂ ಕಮ್ಮಿಯಾಗುತ್ತದೆ, ಪ್ರತಿ ಸಲ ಮತ್ತೆ ಎಣಿಸಿ. ನಾನು ಮೊದಲ ಸಲ ತಪ್ಪಿದ್ದು ಇಲ್ಲೇ.

ಕೊನೆಗೆ 10 ಜನ ಉಳಿಯುತ್ತಾರೆ, ಇವರೇ ತಿರುಳು. 32ನೆಯವರಿಗೆ 6 ಗೆರೆ, ಆದರೂ ಉದುರಿಹೋದರು. 8ನೆಯವರಿಗೆ ಬರೀ 4, ಆದರೆ ಆ ನಾಲ್ವರೂ ತಿರುಳಿನವರೇ. ಎಷ್ಟು ಚಂದ ಅಲ್ವಾ?

ಸುದ್ದಿ ಶುರುಮಾಡಲು ಒಬ್ಬರು ಸಾಕಾದರೆ ಈ ತಿರುಳಿನಿಂದ ಆರಿಸಿ. ಹಲವರು ಬೇಕಾದರೆ, ಒಬ್ಬರಿಗೊಬ್ಬರು ನೇರ ಗೆಳೆಯರಲ್ಲದವರನ್ನು ನೋಡಿ.