ಎಡ ಹಿಮ್ಮಡಿ ಏಳಲಿಲ್ಲ

ಶಿವಮೊಗ್ಗದಲ್ಲಿ ಫಿಸಿಯೋಥೆರಪಿ ಕೆಲಸ ಶುರುಮಾಡಿ 14 ವರ್ಷವಾಯಿತು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ತೋಟದವರು ಬಹಳ ಬರುತ್ತಾರೆ. ಹಿಮ್ಮಡಿ ನೋವು, ಮಂಡಿ ನೋವು, ಕಾಲು ಸೋಲುವುದು. ಇವರ ಪಾದ ನೋಡಿ "ಚಪ್ಪಟೆ ಪಾದ, ಅದಕ್ಕೇ ನೋವು" ಎಂದು ನಾನೂ ಎಷ್ಟೋ ಸಲ ಹೇಳಿದ್ದೇನೆ. ಆ ಮಾತು ಅರ್ಧ ಮಾತ್ರ ಸರಿ ಎಂದು ತಿಳಿದದ್ದು ನನ್ನದೇ ಎಡಗಾಲು ನೋಯತೊಡಗಿದ ಮೇಲೆ.

ಅಪ್ಪ ತೀರಿಕೊಂಡ ಮೇಲೆ ತೀರ್ಥಹಳ್ಳಿ ಹತ್ತಿರದ ಅಡಿಕೆ ತೋಟದ ಓಡಾಟ ನನ್ನ ಪಾಲಿಗೂ ಬಂದಿದೆ. ಆ ವರ್ಷ ಕೊಳೆರೋಗದ ಔಷಧಿ ಹೊಡೆಸುವಾಗ ವಾರಗಟ್ಟಲೆ ಗಂಬೂಟು ಹಾಕಿ ಧರೆ (ಕಡಿದಾದ ಇಳಿಜಾರು) ಹತ್ತಿ ಇಳಿದೆ. ಬೂಟು ಒಂದು ಅಳತೆ ದೊಡ್ಡದು, ಹಿಮ್ಮಡಿ ಒಳಗೇ ಜಾರುತ್ತಿತ್ತು. ಮಳೆ ಬಿಡುವ ಹೊತ್ತಿಗೆ ಎಡಗಾಲಗಂಟಿನ ಒಳಮೈಯಲ್ಲಿ, ಉಬ್ಬಿದ ಎಲುಬಿನ ಹಿಂದೆಯೇ, ಒಂದು ಗೆರೆಯಂತೆ ನೋವು. ಬೆಳಿಗ್ಗೆ ಬಚ್ಚಲಿಗೆ ಹೋಗುವ ಮೊದಲ ಹತ್ತು ಹೆಜ್ಜೆ ಗೋಡೆ ಹಿಡಿದೇ ನಡೆಯಬೇಕು.

ನಾನು ಮಾಡಿದ್ದು ಅಂಗಾಲಿಗೆ ಬೇಕಾದ ಉಪಚಾರ. ಚೆಂಡು ಉರುಳಿಸಿದೆ, ಮೆತ್ತನೆ ಇನ್‌ಸೋಲ್ ಹಾಕಿದೆ. ಹದಿನೈದು ದಿನ ಹಗುರವಾಯಿತು, ಮತ್ತೆ ಮೊದಲಿನಂತೆಯೇ ಆಯಿತು. ಕೊನೆಗೆ ಜೊತೆಗೆ ಕೆಲಸ ಮಾಡುವ ಗೆಳತಿ, "ಒಂಟಿ ಕಾಲಲ್ಲಿ ನಿಂತು ಹಿಮ್ಮಡಿ ಎತ್ತೇ, ನೋಡ್ತೀನಿ" ಎಂದಳು. ಮಂಡಿ ನೆಟ್ಟಗಿಟ್ಟು, ಗೋಡೆಗೆ ಎರಡು ಬೆರಳು ತಾಗಿಸಿ ಎತ್ತಬೇಕು. 25 ಸಲ ಆದರೆ ಮೀನಖಂಡಕ್ಕೆ ಪೂರ್ಣ ಬಲವಿದೆ ಎಂದು ನಮ್ಮಲ್ಲಿ ಲೆಕ್ಕ. ಬಲಗಾಲು 24ಕ್ಕೆ ನಿಂತಿತು. ಎಡಗಾಲು ಆರನೆಯದಕ್ಕೇ ಏಳಲಿಲ್ಲ. ಎದ್ದ ಐದರಲ್ಲೂ ಹಿಮ್ಮಡಿ ಒಳಕ್ಕೆ ತಿರುಗಲಿಲ್ಲ, ಇದ್ದ ಹಾಗೇ ಹೊರವಾಲಿಕೊಂಡಿತ್ತು.

ಒಳಕ್ಕೆ ತಿರುಗದಿರುವುದೇ ಮುಖ್ಯ ಸುಳಿವು. ಮೀನಖಂಡದ ಆಳದಲ್ಲಿ, ಕಣಕಾಲಿನ ಎರಡು ಎಲುಬುಗಳ ಹಿಂಬದಿಗೆ ಅಂಟಿಕೊಂಡು ಟಿಬಿಯಾಲಿಸ್ ಪೋಸ್ಟೀರಿಯರ್ ಎಂಬ ಸ್ನಾಯು ಇದೆ. ಅದರ ಹುರಿ (ಸ್ನಾಯುವನ್ನು ಎಲುಬಿಗೆ ಹಿಡಿಸುವ ಹಗ್ಗ, ಜನ ಅದನ್ನೂ "ನರ" ಎನ್ನುತ್ತಾರೆ) ಕಾಲಗಂಟಿನ ಒಳ ಉಬ್ಬಿನ ಹಿಂದಿನಿಂದ ಬಳಸಿ ಬಂದು ಪಾದದ ಕಮಾನಿನ ಎಲುಬುಗಳಿಗೆ ಹಿಡಿದುಕೊಳ್ಳುತ್ತದೆ. ಒಂದೊಂದು ಪಾದದಲ್ಲಿ 26 ಎಲುಬು, 33 ಕೀಲು. ಹಿಮ್ಮಡಿ ನೆಲಕ್ಕೆ ತಾಗಿದಾಗ ಇವೆಲ್ಲ ಸ್ವಲ್ಪ ಸಡಿಲಾಗಬೇಕು, ಆಗಲೇ ಪಾದ ಕಲ್ಲು, ಬೇರು, ಇಳಿಜಾರಿಗೆ ಹೊಂದಿಕೊಳ್ಳುತ್ತದೆ. ಮೈಭಾರ ಮುಂದಕ್ಕೆ ಬಂದು ಹೆಬ್ಬೆರಳಿನಿಂದ ನೆಲ ಒತ್ತುವ ಹೊತ್ತಿಗೆ ಅದೇ ಪಾದ ಗಟ್ಟಿಯಾಗಬೇಕು. ಸಡಿಲಿನಿಂದ ಗಟ್ಟಿಗೆ ತಿರುಗಿಸುವುದರಲ್ಲಿ ಈ ಸ್ನಾಯುವಿನದು ದೊಡ್ಡ ಪಾಲು. ಅದು ದಣಿದರೆ ಪಾದ ಸಡಿಲಾಗಿಯೇ ಉಳಿಯುತ್ತದೆ, ಮೇಲಿನ ದೊಡ್ಡ ಮೀನಖಂಡ ಎಷ್ಟು ಎಳೆದರೂ ಹಸಿ ಬಿದಿರನ್ನು ಸನ್ನೆಗೋಲು ಮಾಡಿ ಕಲ್ಲೆಬ್ಬಿಸಿದ ಹಾಗೆ, ಬಲವೆಲ್ಲ ಬಾಗುವುದರಲ್ಲೇ ಮುಗಿಯುತ್ತದೆ.

ಆ ದಿನವೇ ಪಾದದ ಭಂಗಿಯನ್ನೂ ಅಳೆದೆವು. ಆರು ಗುರುತು ನೋಡಿ ಒಂದೊಂದಕ್ಕೆ ಮೈನಸ್ 2ರಿಂದ ಪ್ಲಸ್ 2ರವರೆಗೆ ಅಂಕ ಕೊಡುವ ಪದ್ಧತಿ ಅದು. ಮೊತ್ತ 0ಯಿಂದ 5ರೊಳಗೆ ಇದ್ದರೆ ಸಾಮಾನ್ಯ, 5 ದಾಟಿದರೆ ಒಳವಾಲಿದ ಪಾದ. ನನ್ನ ಎಡಪಾದಕ್ಕೆ 7, ಬಲಪಾದಕ್ಕೂ 7. ಎರಡೂ ಒಂದೇ ಆಕಾರ, ನೋವು ಮಾತ್ರ ಒಂದಕ್ಕೆ. ಆವತ್ತಿನಿಂದ ನನ್ನ ನೋಟವೇ ಬದಲಾಯಿತು. ಪಾದ ನೋಡಲು ಹೇಗಿದೆ ಎನ್ನುವುದಕ್ಕಿಂತ, ಅದನ್ನು ಹಿಡಿದು ನಿಲ್ಲಿಸುವ ಸ್ನಾಯು ಎಷ್ಟು ಹೊತ್ತು ತಾಳುತ್ತದೆ ಎನ್ನುವುದನ್ನು ಮೊದಲು ನೋಡುತ್ತೇನೆ.

ನಮ್ಮ ತೋಟಕ್ಕೆ ಬರುವ, ಮರ ಹತ್ತಿ ಅಡಿಕೆ ಗೊನೆ ಕೊಯ್ಯುವ ಕೊನೆಗಾರರೊಬ್ಬರ ಪಾದ ನನ್ನದಕ್ಕಿಂತ ಚಪ್ಪಟೆ, ಒದ್ದೆ ಕಾಲಲ್ಲಿ ಜಗಲಿ ಹತ್ತಿದರೆ ಇಡೀ ಅಂಗಾಲು ಅಚ್ಚಾಗುತ್ತದೆ. ಅರವತ್ತರ ಹತ್ತಿರದ ವಯಸ್ಸು. ಹಿಮ್ಮಡಿ ಎತ್ತಿ ಎಂದರೆ ಅಲುಗಾಡದೆ 25 ಎತ್ತಿದರು, ಎರಡೂ ಕಾಲಲ್ಲಿ. ಅವರು ಮರ ಹತ್ತುವುದನ್ನು ಗಮನವಿಟ್ಟು ನೋಡಿದೆ. ಕಾಲಿಗೆ ತಳೆ (ಹಗ್ಗದ ಬಳೆ) ಹಾಕಿ, ಎರಡೂ ಅಂಗಾಲನ್ನು ಒಳಕ್ಕೆ ತಿರುಗಿಸಿ ಮರವನ್ನು ಅಪ್ಪಿ ಒತ್ತುತ್ತಾರೆ. ಪಾದವನ್ನು ಒಳಕ್ಕೆ ತಿರುಗಿಸುವುದೇ ನನ್ನಲ್ಲಿ ಸೋತ ಆ ಸ್ನಾಯುವಿನ ಕೆಲಸ. ನಾವು ರಬ್ಬರ್ ಬ್ಯಾಂಡ್ ಕೊಟ್ಟು ಮಾಡಿಸುವ ವ್ಯಾಯಾಮವನ್ನು ಅವರು ಮೈಭಾರ ಹೊತ್ತು ನಲವತ್ತು ವರ್ಷದಿಂದ ಮಾಡುತ್ತಿದ್ದಾರೆ.

ನನ್ನ ಚಿಕಿತ್ಸೆ ಹೀಗೆ ನಡೆಯಿತು. ಮೊದಲ ಮೂರು ವಾರ ಧರೆ ಹತ್ತುವುದು ನಿಲ್ಲಿಸಿ, ಕಮಾನಿಗೆ ಆಸರೆ ಇರುವ ಚಪ್ಪಲಿಯನ್ನು ಮನೆಯೊಳಗೂ ಹಾಕಿದೆ. ಹಳೆ ಸೈಕಲ್ ಟ್ಯೂಬು ಕತ್ತರಿಸಿ ಮಂಚದ ಕಾಲಿಗೆ ಕಟ್ಟಿ, ಕುರ್ಚಿಯಲ್ಲಿ ಕುಳಿತು, ಹಿಮ್ಮಡಿ ನೆಲ ಬಿಡದಂತೆ ಪಾದದ ಮುಂಭಾಗವನ್ನು ಒಳಕ್ಕೆ ಎಳೆಯುವುದು. ಮಂಡಿ ಒಳಕ್ಕೆ ಬಂದರೆ ಕೆಲಸ ತೊಡೆಗೆ ಹೋಗುತ್ತದೆ, ಅದಕ್ಕೆ ಮಂಡಿಯ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದೆ. ನಾಲ್ಕನೇ ವಾರದಿಂದ ಎರಡೂ ಹಿಮ್ಮಡಿಗಳ ನಡುವೆ ಟೆನಿಸ್ ಚೆಂಡು ಇಟ್ಟು, ಅದು ಬೀಳದಂತೆ ಒತ್ತಿಹಿಡಿದು ಎದ್ದು ಇಳಿಯುವುದು. ಏಳಲು ಮೂರು ಸೆಕೆಂಡು, ಇಳಿಯಲು ಮೂರು. ಹದಿನೈದರಂತೆ ಮೂರು ಸುತ್ತು, ದಿನ ಬಿಟ್ಟು ದಿನ. ಆಮೇಲೆ ಎರಡು ಕಾಲಲ್ಲಿ ಎದ್ದು ಎಡಗಾಲೊಂದರಲ್ಲೇ ಇಳಿಯುವುದು. ವ್ಯಾಯಾಮದ ಹೊತ್ತಿನಲ್ಲಿ ಹತ್ತಕ್ಕೆ ಮೂರರಷ್ಟು ನೋವು ಬಂದರೆ ಹೆದರಲಿಲ್ಲ. ಮರುದಿನ ಬಚ್ಚಲ ದಾರಿಯ ಮೊದಲ ಹೆಜ್ಜೆಗಳು ಹಿಂದಿನ ದಿನಕ್ಕಿಂತ ಹೆಚ್ಚು ನೋಯಿಸಿದರೆ ಮಾತ್ರ ಒಂದು ಸುತ್ತು ಕಡಿಮೆ ಮಾಡುತ್ತಿದ್ದೆ.

ಇಷ್ಟಾದರೂ ಧರೆ ಇಳಿಯುವಾಗ ನೋವು ಉಳಿದಿತ್ತು. ಗೋಡೆಯ ಮುಂದೆ ನಿಂತು, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ಮುಟ್ಟಿಸಿ ಅಳೆದೆ. ಬಲ ಹೆಬ್ಬೆರಳು ಗೋಡೆಯಿಂದ 10 ಸೆಂಟಿಮೀಟರ್ ದೂರವಿದ್ದರೂ ಮಂಡಿ ತಾಗುತ್ತದೆ, ಎಡಕ್ಕೆ 6 ಮಾತ್ರ. ಮೀನಖಂಡದ ಒಳಪದರ, ಸೋಲಿಯಸ್, ಬಿಗಿದುಕೊಂಡಿತ್ತು. ನಡೆಯುವಾಗ ಕಣಕಾಲು ಪಾದದ ಮೇಲಿಂದ ಮುಂದಕ್ಕೆ ಬಾಗಲೇಬೇಕು. ಸೋಲಿಯಸ್ ಅದನ್ನು ಹದವಾಗಿ ಬಿಟ್ಟುಕೊಡುವ ಬ್ರೇಕು. ಅದು ಬಿಗಿದಿದ್ದರೆ ಕಾಲಗಂಟು ಬಾಗುವುದಿಲ್ಲ, ಆ ಬಾಗನ್ನು ಪಾದದ ಕಮಾನು ಕುಸಿದು ಕೊಡುತ್ತದೆ. ಮಂಡಿ ಬಗ್ಗಿಸಿಯೇ ಹಿಮ್ಮಡಿ ಎತ್ತುವ ವ್ಯಾಯಾಮವನ್ನು, ಮೆಟ್ಟಿಲ ಅಂಚಿನಲ್ಲಿ ನಿಧಾನ ಇಳಿಸುತ್ತಾ, ಅದಕ್ಕಾಗಿ ಸೇರಿಸಿದೆ. ಮೂರು ತಿಂಗಳಿಗೆ 6 ಸೆಂಟಿಮೀಟರ್ 9 ಆಯಿತು.

ಇಳಿಜಾರಿನ ಮಾತು ಬಂದಾಗ ಹೊಸನಗರ ಕಡೆಯ ಒಬ್ಬ ಹೆಂಗಸು ನೆನಪಾಗುತ್ತಾರೆ. "ಡಾಕ್ಟ್ರಮ್ಮಾ, ಹತ್ತೂಕೆ ಏನೂ ತೊಂದ್ರೆ ಇಲ್ಲ, ಇಳಿಯೋವಾಗ ಕಾಲು ಪಟಪಟ ಬಡೀತದೆ" ಎಂದರು. ಆ ಸದ್ದೇ ರೋಗ ಹೇಳುತ್ತಿತ್ತು. ಹಿಮ್ಮಡಿ ಊರಿದ ಮೇಲೆ ಪಾದವನ್ನು ಮೆಲ್ಲನೆ ನೆಲಕ್ಕಿಳಿಸುವುದು ಕಣಕಾಲಿನ ಮುಂದಿನ ಸ್ನಾಯು, ಟಿಬಿಯಾಲಿಸ್ ಆಂಟೀರಿಯರ್. ಸುಗ್ಗಿಯಲ್ಲಿ ಅವರು ರಾತ್ರಿ ಹನ್ನೊಂದರವರೆಗೆ ಕಾಲು ಮಡಚಿ ಕುಳಿತು ಅಡಿಕೆ ಸುಲಿದಿದ್ದರು. ಮಂಡಿಯ ಹೊರಬದಿಯಲ್ಲಿ, ಸಣ್ಣ ಎಲುಬಿನ ಕುತ್ತಿಗೆಯನ್ನು ಸುತ್ತಿ ಹಾಯುವ ನರ ಹಾಗೆ ಕುಳಿತಾಗ ಒತ್ತಿಹೋಗುತ್ತದೆ. ವ್ಯಾಯಾಮ ಕೊಡುವ ಮೊದಲು ನರರೋಗ ತಜ್ಞರಲ್ಲಿಗೆ ಕಳಿಸಿದೆ. ಎತ್ತರದ ಮಣೆ, ಗಂಟೆಗೊಮ್ಮೆ ಎದ್ದು ನಿಲ್ಲುವುದು, ಜೊತೆಗೆ ವ್ಯಾಯಾಮ. ಎರಡು ತಿಂಗಳಲ್ಲಿ ಸದ್ದು ನಿಂತಿತು. ಕಾಲು ಒಂದೇ ಕಡೆ ಹೀಗೆ ಬಡಿದರೆ, ಕಾಲಗಂಟಿನ ಒಳಬದಿ ಊದಿ ಒಮ್ಮೆಯೂ ಹಿಮ್ಮಡಿ ಏಳದಿದ್ದರೆ, ಸಕ್ಕರೆ ಕಾಯಿಲೆಯಿಂದ ಅಂಗಾಲು ಮರಗಟ್ಟಿದ್ದರೆ, ದಯವಿಟ್ಟು ಮನೆಯಲ್ಲೇ ಪ್ರಯೋಗ ಮಾಡಬೇಡಿ, ವೈದ್ಯರಿಗೆ ತೋರಿಸಿ.

ಮಕ್ಕಳ ಚಪ್ಪಟೆ ಪಾದ ತೋರಿಸಲು ಬರುವ ತಾಯಂದಿರಿಗೆ ಆಗುಂಬೆ ಘಾಟಿ ಇಳಿದರೆ ಸಿಗುವ ಮಣಿಪಾಲದ ಮೂಳೆ ವೈದ್ಯರಾದ ರಾವ್ ಮತ್ತು ಜೋಸೆಫ್ 1992ರಲ್ಲಿ ಪ್ರಕಟಿಸಿದ ಅಧ್ಯಯನದ ಬಗ್ಗೆ ಹೇಳುತ್ತೇನೆ. 4ರಿಂದ 13 ವರ್ಷದ 2,300 ಮಕ್ಕಳ ಹೆಜ್ಜೆ ಗುರುತು ನೋಡಿದಾಗ ಪಾದರಕ್ಷೆ ಹಾಕುವವರಲ್ಲಿ ಶೇ. 8.6, ಬರಿಗಾಲಿನವರಲ್ಲಿ ಶೇ. 2.8 ಮಂದಿಗೆ ಚಪ್ಪಟೆ ಪಾದ ಕಂಡಿತು. ತುದಿಗಾಲಲ್ಲಿ ನಿಂತಾಗ ಕಮಾನು ಮೂಡಿದರೆ, ನೋವೂ ಇಲ್ಲದಿದ್ದರೆ, ನಾನು ಇನ್‌ಸೋಲ್ ಬರೆಯುವುದಿಲ್ಲ. ಅಂಗಳದಲ್ಲಿ ಬರಿಗಾಲಲ್ಲಿ ಆಡಲು ಬಿಡಿ ಎನ್ನುತ್ತೇನೆ.

ಆರು ತಿಂಗಳ ಮೇಲೆ ಕವಲೇದುರ್ಗ ಹತ್ತಿದೆ. ಇಳಿಯುವಾಗ ಕೊನೆಯ ಕಲ್ಲುಹಾಸಿನಲ್ಲಿ ಎಡಗಾಲು ಸ್ವಲ್ಪ ದಣಿಯಿತು, ಹಳೆಯ ಗೆರೆಯಂಥ ನೋವು ಬರಲಿಲ್ಲ. ಹಿಮ್ಮಡಿ ಈಗ ಎಡಗಾಲಲ್ಲಿ 21 ಸಲ ಏಳುತ್ತದೆ, ಬಲಗಾಲಲ್ಲಿ 25. ಪಾದದ ಅಂಕ ಎರಡಕ್ಕೂ ಅದೇ 7. ಗಂಬೂಟು ಒಂದು ಅಳತೆ ಚಿಕ್ಕದು ತಂದಿದ್ದೇನೆ. ಊರಿಗೆ ಹೋದಾಗ ಅಮ್ಮ ಕಾಫಿ ಕಾಸುವಷ್ಟರಲ್ಲಿ ಜಗಲಿ ಮೆಟ್ಟಿಲ ಅಂಚಿನಲ್ಲಿ ಮೂರು ಸುತ್ತು ಮುಗಿಯುತ್ತದೆ.