ಸಿಬಿಡಿ ಎಣ್ಣೆಯೊಂದಿಗೆ ವಿಮಾನ ಹತ್ತುವ ಮುನ್ನ

ಅಮೆರಿಕದಲ್ಲಿ ನೆಲೆಸಿರುವ ನಮ್ಮವರಲ್ಲಿ ಮೊಣಕಾಲು ನೋವಿಗೆಂದೋ ನಿದ್ದೆಗೆಂದೋ ಸಿಬಿಡಿ ಎಣ್ಣೆ, ಅಂದರೆ ಹೆಂಪ್ ಗಿಡದಿಂದ ತೆಗೆದ, ಅಮಲೇರಿಸದ ಕ್ಯಾನಬಿಡಯಾಲ್ ಎಂಬ ಅಂಶವಿರುವ ಎಣ್ಣೆ, ಬಳಸುವವರಿದ್ದಾರೆ. ಅಂಗಡಿಯಲ್ಲಿ ರಸೀದಿ ಕೊಟ್ಟು ಮಾರುವ ಸರಕು ಎಂಬ ಒಂದೇ ಕಾರಣಕ್ಕೆ ಅದನ್ನು ಎಲ್ಲಿಗೆ ಬೇಕಾದರೂ ಒಯ್ಯಬಹುದೆಂದು ತಿಳಿಯಬಾರದು. ಕೊಂಡ ಊರಿನ ಕಾನೂನಿಗಿಂತ ದಾರಿಯಲ್ಲಿ ಸಿಗುವ ಮತ್ತು ಕೊನೆಗೆ ಇಳಿಯುವ ಊರುಗಳ ಕಾನೂನೇ ಇಲ್ಲಿ ಮುಖ್ಯ. ಹೆಂಪ್ ಎಂಬುದನ್ನು ಕೆಲವರು ಸೆಣಬು ಎಂದು ಬರೆಯುತ್ತಾರೆ; ಆದರೆ ಅದು ಗೋಣಿಚೀಲದ ಸೆಣಬಲ್ಲ, ಗಾಂಜಾ ಗಿಡದ್ದೇ ಜಾತಿ. ಕಸ್ಟಮ್ಸ್ ಅಧಿಕಾರಿ ಅದನ್ನು ನೋಡುವುದೂ ಹಾಗೆಯೇ.

ಅಮೆರಿಕದೊಳಗಿನ ಪ್ರಯಾಣ ಹೆಚ್ಚು ತೊಡಕಿನದಲ್ಲ. ಒಣತೂಕದಲ್ಲಿ ಶೇ. 0.3ಕ್ಕಿಂತ ಹೆಚ್ಚು ಡೆಲ್ಟಾ-9 ಟಿಎಚ್‌ಸಿ, ಅಂದರೆ ಅಮಲೇರಿಸುವ ಅಂಶ, ಇಲ್ಲದ ಹೆಂಪನ್ನು 2018ರ ಕೃಷಿ ಮಸೂದೆ ಮಾದಕ ವಸ್ತುಗಳ ಪಟ್ಟಿಯಿಂದ ಹೊರಗಿಟ್ಟಿತು. 2019ರಲ್ಲಿ ವಿಮಾನ ನಿಲ್ದಾಣಗಳ ಭದ್ರತಾ ಸಂಸ್ಥೆಯಾದ ಟಿಎಸ್‌ಎ ಕೂಡ ಅಂಥವನ್ನು ಒಯ್ಯಲು ಒಪ್ಪಿತು. ಕೈಚೀಲದಲ್ಲಿಡುವ ಸೀಸೆ 100 ಮಿ.ಲೀ. ಮೀರದಿರಲಿ. ಐಡಾಹೊ ರಾಜ್ಯ ಟಿಎಚ್‌ಸಿಯ ಲವಲೇಶವನ್ನೂ ಸಹಿಸುವುದಿಲ್ಲವಾದ್ದರಿಂದ, ಅಲ್ಲಿಗೆ ಹೋಗುವವರು ಶುದ್ಧ ಸಿಬಿಡಿ ಮಾತ್ರವಿರುವ ಐಸೊಲೇಟ್ ಬಗೆಯನ್ನೇ ಆರಿಸಿಕೊಳ್ಳಬೇಕು.

ಸೀಸೆಯ ಮೇಲಿನ ಬಣ್ಣದ ಮಾತುಗಳನ್ನು ಬಿಟ್ಟು ಪ್ರಯೋಗಾಲಯದ ವರದಿಯನ್ನು ಓದಬೇಕು. ಸೀಸೆಯ ಮೇಲೆ ಮುದ್ರಿಸಿರುವ ಬ್ಯಾಚ್ ಸಂಖ್ಯೆಯೂ ವರದಿಯಲ್ಲಿರುವ ಸಂಖ್ಯೆಯೂ ಒಂದೇ ಆಗಿರಬೇಕು. ಬೇರೆಯಾದರೆ ಆ ವರದಿ ನಿಮ್ಮ ಸೀಸೆಯದಲ್ಲ. ನಂತರ ಟಿಎಚ್‌ಸಿ ಸಾಲನ್ನು ನೋಡಿ. 30 ಮಿ.ಲೀ. ಎಣ್ಣೆ ಸುಮಾರು 28 ಗ್ರಾಂ ತೂಗುತ್ತದೆ, ಅದರಲ್ಲಿ ಶೇ. 0.2 ಎಂದಿದ್ದರೆ ಒಟ್ಟು 56 ಮಿ.ಗ್ರಾಂ ಟಿಎಚ್‌ಸಿ ಇದೆಯೆಂದರ್ಥ. ಈ ಲೆಕ್ಕ ಯಾಕೆ ಮುಖ್ಯವೆಂದರೆ, 2025ರ ನವೆಂಬರ್ 12ರಂದು ಅಂಕಿತ ಬಿದ್ದ ಕಾನೂನು ಒಂದು ವರ್ಷದ ಬಳಿಕ ಜಾರಿಗೆ ಬರುವಂತೆ ಒಂದು ಸೀಸೆಗೆ ಕೇವಲ 0.4 ಮಿ.ಗ್ರಾಂ ಒಟ್ಟು ಟಿಎಚ್‌ಸಿಯ ಮಿತಿ ಹಾಕಿದೆ. ಹಳೆಯ ಲೆಕ್ಕದಲ್ಲಿ ಸಲೀಸಾಗಿ ಪಾಸಾಗುವ ಆ ಸೀಸೆ ಹೊಸ ಮಿತಿಗಿಂತ 140 ಪಟ್ಟು ಹೆಚ್ಚಾಗುತ್ತದೆ. ಹಾಗಾಗಿ ಹಳೆಯ ಸಲಹೆಗಳನ್ನು ನಂಬದೆ, ಹೊರಡುವ ವಾರದಲ್ಲೇ ನಿಯಮವನ್ನು ಮತ್ತೊಮ್ಮೆ ನೋಡಿ.

ಬೆಂಗಳೂರಿಗೆ ಬರುವವರಿಗೆ ನನ್ನ ಸಲಹೆ ನೇರವಾದದ್ದು: ತರಬೇಡಿ. ದುಬೈಯಲ್ಲಿ ಇಳಿದು ವಿಮಾನ ಬದಲಿಸುವಷ್ಟರಲ್ಲೇ ನೀವು ಸಂಯುಕ್ತ ಅರಬ್ ಸಂಸ್ಥಾನದ ಕಟ್ಟುನಿಟ್ಟಿನ ಕಾನೂನಿಗೆ ಒಳಪಡುತ್ತೀರಿ. ಸಿಂಗಪುರದಲ್ಲೂ ಸಿಬಿಡಿ ನಿಷಿದ್ಧ. ಹಾಂಗ್‌ಕಾಂಗ್ 2023ರ ಫೆಬ್ರವರಿ 1ರಿಂದ ಅದನ್ನು ನಿಷೇಧಿಸಿದೆ. ವೈದ್ಯರ ಚೀಟಿ ಇದೆಯೆಂದು ಧೈರ್ಯ ತಾಳುವುದು ಇಲ್ಲೆಲ್ಲ ಸಲ್ಲದು. ಮಾದಕ ವಸ್ತುಗಳನ್ನು ನಿಯಂತ್ರಿಸುವ ಭಾರತದ 1985ರ ಎನ್‌ಡಿಪಿಎಸ್ ಕಾಯ್ದೆ ಗಿಡದ ಹೂಬಿಡುವ ತುದಿಯನ್ನು ಗಾಂಜಾ ಎಂದು ಕರೆದು, ತುದಿಯಿಂದ ಬೇರ್ಪಟ್ಟ ಎಲೆ ಮತ್ತು ಬೀಜವನ್ನು ಆ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಅಮೆರಿಕದ ಸಿಬಿಡಿ ಎಣ್ಣೆಯನ್ನು ಸಾಮಾನ್ಯವಾಗಿ ತೆಗೆಯುವುದು ಹೂವಿನಿಂದಲೇ; ಶೇ. 0.3ರ ವಿನಾಯಿತಿ ನಮ್ಮ ಕಾಯ್ದೆಯಲ್ಲಿಲ್ಲ. ಮಾದಕ ವಸ್ತು ಬೆರೆತ ಮಿಶ್ರಣದಲ್ಲಿ ಪೂರ್ತಿ ತೂಕವನ್ನೇ ಲೆಕ್ಕಕ್ಕೆ ಹಿಡಿಯಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿರುವುದನ್ನೂ ನೆನಪಿಡಬೇಕು. ಎಣ್ಣೆಯನ್ನು ಆವಿಯಾಗಿಸಿ ಸೇದುವ ವೇಪ್ ಪೆನ್ನಿನ ಮಾತೇ ಬೇಡ: ಇ-ಸಿಗರೇಟಿನ ಆಮದು 2019ರಿಂದಲೇ ನಿಷಿದ್ಧ.

ಅಮ್ಮನಿಗೋ ಅತ್ತೆಯವರಿಗೋ ಊರಿನಲ್ಲಿ ಅದರ ಅಗತ್ಯ ಬಿದ್ದರೆ, ವಿಜಯಾ ಎಂಬ ಹೆಸರಿನಲ್ಲಿ ಭಂಗಿ ಸೊಪ್ಪಿನಿಂದ ತಯಾರಾಗುವ, ಆಯುಷ್ ಪರವಾನಗಿಯುಳ್ಳ ಔಷಧಿಗಳು ಇಲ್ಲೇ ಸಿಗುತ್ತವೆ. ಆಯುರ್ವೇದ ವೈದ್ಯರಿಗೆ ತೋರಿಸಿ ಚೀಟಿ ಬರೆಸಿಕೊಳ್ಳಿ. ರಸೀದಿಯನ್ನು ಚೀಟಿಯ ಜೊತೆಗೇ ಪಿನ್ ಮಾಡಿಡಿ. ಮರಳಿ ಹೊರಡುವಾಗ ಉಳಿದ ಔಷಧಿಯನ್ನು ಮನೆಯಲ್ಲೇ ಬಿಟ್ಟುಹೋಗಿ.